ಅರ್ಧ ಗಂಟೆಯ ಹೋಮ್‌ವರ್ಕ್, ಆರು ಸಲ

ಹೈಸ್ಕೂಲ್ ಮಕ್ಕಳಿಗೆ ಏನು ಕಷ್ಟ ಅಂತ ದೊಡ್ಡವರನ್ನು ಕೇಳಿ ನೋಡಿ. ಪರೀಕ್ಷೆ ಅನ್ನುತ್ತಾರೆ, ಮೊಬೈಲ್ ಅನ್ನುತ್ತಾರೆ, ಸಹವಾಸ ಅನ್ನುತ್ತಾರೆ. ಮಕ್ಕಳನ್ನೇ ಕೇಳಿದರೆ ಬರುವ ಪಟ್ಟಿ ಬೇರೆ. ನಾನು ಗಣಿತದ ಮೇಡಂ. ಒಂಬತ್ತು ಮತ್ತು ಹತ್ತನೇ ಕ್ಲಾಸು ನನ್ನ ಪಾಲಿಗೆ ಬಂದಿವೆ. ವಾರದ ಕೊನೆಗೆ ಎಲ್ಲರಿಗೂ ಒಂದು ಸಣ್ಣ ಚೀಟಿ ಕೊಡುತ್ತೇನೆ. ಹೆಸರು ಬರೆಯೋ ಹಾಗಿಲ್ಲ. ಒಂದು ಬದಿಗೆ ಈ ವಾರ ತಲೆ ಕೆಡಿಸಿದ್ದು, ಹಿಂಬದಿಗೆ ಈ ವಾರ ಖುಷಿಯಾಗಿದ್ದು. ಅಷ್ಟೇ.

ಮೊದಮೊದಲು "ಏನೂ ಇಲ್ಲ ಮಿಸ್" ಅಂತ ಬರೆದು ಕೊಡುತ್ತಿದ್ದರು. ಕೈಬರಹ ನೋಡಿ ಯಾರು ಅಂತ ಕಂಡುಹಿಡಿದುಬಿಡ್ತಾರೆ ಅನ್ನೋ ಅನುಮಾನ. (ಕಂಡುಹಿಡಿಯಬಹುದು, ನಿಜ. ಆ ಕೆಲಸಕ್ಕೆ ಹೋಗಲ್ಲ, ಅಷ್ಟೇ.) ಆಮೇಲೆ ನಿಧಾನಕ್ಕೆ ಬಾಯಿ ಬಿಟ್ಟರು.

"ಬೆಲ್ ಹೊಡೆದ ಮೇಲೂ ಪಾಠ ನಿಲ್ಲಲ್ಲ. ಮುಂದಿನ ಕ್ಲಾಸಿಗೆ ಲೇಟಾದ್ರೆ ಬೈಗುಳ ನಮಗೆ."

"ಹಿಂದಿನ ಬೆಂಚಲ್ಲಿ ಯಾರೋ ನಕ್ಕರೆ ಇಡೀ ಕ್ಲಾಸ್ ನಿಂತ್ಕೋಬೇಕು."

"ಆಟದ ಪೀರಿಯಡ್ ಮತ್ತೆ ಹೋಯ್ತು."

"ಗ್ರೂಪ್ ಪ್ರಾಜೆಕ್ಟ್ ಅಂತಾರೆ. ಗ್ರೂಪಲ್ಲಿ ಐದು ಜನ. ಕೆಲಸ ಮಾಡಿದ್ದು ನಾನೊಬ್ಬನೇ."

"ನಮ್ಮಕ್ಕ ಇದೇ ಸ್ಕೂಲಲ್ಲಿ ಓದಿದ್ದು. ಎಲ್ಲರೂ ಅವಳ ಸುದ್ದೀನೇ ಹೇಳ್ತಾರೆ."

ಸಿಲಬಸ್ ಜಾಸ್ತಿ ಅಂತ ಬರೆಯುವವರು ಬಹಳ ಕಮ್ಮಿ. ಗಣಿತ ಕಷ್ಟ ಅಂತ ಬರೆಯುವವರು ಇದ್ದೇ ಇರುತ್ತಾರೆ, ಅದಕ್ಕೆ ನಾನು ಬೇಜಾರು ಮಾಡಿಕೊಳ್ಳಲ್ಲ. ಉಳಿದ ಚೀಟಿಗಳನ್ನೆಲ್ಲ ಒಟ್ಟಿಗೆ ಇಟ್ಟು ಓದಿದರೆ ದೂರು ಒಂದೇ. ದಿನ ಅವರದ್ದು, ಆದರೆ ಅದರಲ್ಲಿ ಅವರ ಮಾತು ನಡೆಯುವ ಜಾಗ ಒಂದೂ ಇಲ್ಲ. ಎಷ್ಟು ಹೊತ್ತಿಗೆ ಏಳಬೇಕು, ಎಲ್ಲಿ ಕೂರಬೇಕು, ಯಾರ ಜೊತೆ ಪ್ರಾಜೆಕ್ಟ್, ಯಾವತ್ತು ಟೆಸ್ಟ್, ಈಗ ನೀರು ಕುಡಿಯಲು ಹೋಗಬಹುದೋ ಇಲ್ಲವೋ, ಎಲ್ಲವನ್ನೂ ಬೇರೆ ಯಾರೋ ತೀರ್ಮಾನ ಮಾಡಿಟ್ಟಿರುತ್ತಾರೆ. ಅದೇ ಬಾಯಲ್ಲಿ "ನೀನಿನ್ನು ಚಿಕ್ಕವನಲ್ಲ, ಜವಾಬ್ದಾರಿ ಕಲಿತ್ಕೋ" ಅನ್ನುತ್ತೇವೆ. ಹದಿನೈದರ ಹುಡುಗ ಮುಖ ಗಂಟು ಹಾಕಿಕೊಳ್ಳದೆ ಇನ್ನೇನು ಮಾಡ್ತಾನೆ?

ನಿದ್ದೆಯ ವಿಷಯ ಸ್ವಲ್ಪ ಉದ್ದಕ್ಕೆ ಹೇಳಬೇಕು, ಯಾಕೆಂದರೆ ಇಲ್ಲಿ ಮಕ್ಕಳ ಮೇಲೆ ಹೊರಿಸುವ ತಪ್ಪಿನಲ್ಲಿ ಅರ್ಧದಷ್ಟು ಅವರದಲ್ಲ. "ರಾತ್ರಿ ಬೇಗ ಮಲಗು, ಬೆಳಿಗ್ಗೆ ತಾನಾಗೇ ಎಚ್ಚರ ಆಗುತ್ತೆ" ಅನ್ನುವುದು ಎಲ್ಲ ಮನೆಯ ಮಾತು. ಹದಿಹರೆಯದ ದೇಹ ಈ ಮಾತು ಕೇಳುವುದಿಲ್ಲ. ಕತ್ತಲಾದ ಮೇಲೆ ನಿದ್ದೆಯ ಹೊತ್ತಾಯಿತು ಅಂತ ಮೈಗೆ ಸುದ್ದಿ ಮುಟ್ಟಿಸುವ ಮೆಲಟೋನಿನ್ ಅನ್ನುವ ಹಾರ್ಮೋನು ಈ ವಯಸ್ಸಿನಲ್ಲಿ ತಡವಾಗಿ ಏರುತ್ತದೆ. ಚಿಕ್ಕವರಿದ್ದಾಗ ಇದ್ದ ಹೊತ್ತಿಗಿಂತ ಒಂದೆರಡು ಗಂಟೆ ತಡ ಆಗುವುದೂ ಉಂಟು. ದಿನವಿಡೀ ಎಚ್ಚರ ಇದ್ದುದಕ್ಕೆ ಬರುವ ತೂಕಡಿಕೆಯೂ ಈ ವಯಸ್ಸಿನಲ್ಲಿ ನಿಧಾನವಾಗಿಯೇ ಮೈಗೇರುತ್ತದೆ. ಹಾಗಾಗಿ ಹತ್ತು ಗಂಟೆಗೆ ದೀಪ ಆರಿಸಿದರೂ ಕಣ್ಣು ಮುಚ್ಚುವುದಿಲ್ಲ. ಮೊಬೈಲ್ ಇದನ್ನು ಇನ್ನಷ್ಟು ಹಾಳು ಮಾಡುತ್ತದೆ, ಅದನ್ನು ಅಲ್ಲಗಳೆಯಲ್ಲ. ಆದರೆ ಮೊಬೈಲ್ ಕಿತ್ತಿಟ್ಟ ಮಾತ್ರಕ್ಕೆ ಮೈಯ ಗಡಿಯಾರ ಹಿಂದಿನ ಹೊತ್ತಿಗೆ ಬರುವುದಿಲ್ಲ.

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು ಅಂತ ನಿದ್ರಾ ತಜ್ಞರು ಹೇಳುತ್ತಾರೆ. ಹನ್ನೊಂದೂವರೆಗೆ ನಿದ್ದೆ ಹತ್ತಿ, ಐದೂವರೆ ಆರಕ್ಕೆ ಏಳುವ ಮಗುವಿನ ಲೆಕ್ಕ ನೀವೇ ಮಾಡಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೇ ಹೇಳಿತ್ತು, ಈ ವಯಸ್ಸಿನವರ ಶಾಲೆ ಬೆಳಿಗ್ಗೆ 8:30ಕ್ಕಿಂತ ಮುಂಚೆ ಶುರುವಾಗಬಾರದು ಅಂತ. ಕ್ಯಾಲಿಫೋರ್ನಿಯಾ 2019ರಲ್ಲಿ ಅದನ್ನು ಕಾನೂನೇ ಮಾಡಿತು, 2022ರಿಂದ ಜಾರಿಗೂ ತಂದಿತು. ಸಿಯಾಟಲ್ ನಗರ 2016ರಲ್ಲಿ ಹೈಸ್ಕೂಲುಗಳ ಮೊದಲ ಬೆಲ್ಲನ್ನು 7:50ರಿಂದ 8:45ಕ್ಕೆ ತಳ್ಳಿತು. ಅಲ್ಲಿನ ಎರಡು ಶಾಲೆಯ ಮಕ್ಕಳ ಕೈಗೆ ಪಟ್ಟಿ ಕಟ್ಟಿ ನಿದ್ದೆ ಅಳೆದ ಸಂಶೋಧಕರು 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ರಾತ್ರಿಗೆ ಸುಮಾರು 34 ನಿಮಿಷ ನಿದ್ದೆ ಜಾಸ್ತಿ ಸಿಕ್ಕಿತ್ತು. "ಬೆಳಿಗ್ಗೆ ತಡ ಮಾಡಿದರೆ ರಾತ್ರಿ ಇನ್ನೂ ತಡವಾಗಿ ಮಲಗ್ತಾರೆ" ಅನ್ನುವುದು ಎಲ್ಲ ಕಡೆ ಕೇಳುವ ಆಕ್ಷೇಪ. ಅಲ್ಲಿ ಹಾಗಾಗಲಿಲ್ಲ. ಮಲಗುವ ಹೊತ್ತು ಹಾಗೇ ಇತ್ತು, ಏಳುವ ಹೊತ್ತು ಮಾತ್ರ ಮುಂದೆ ಹೋಯಿತು.

ಈ ವಿಷಯವನ್ನು ನಮ್ಮ ಮೀಟಿಂಗಿನಲ್ಲಿ ಎತ್ತಿದೆ. ಬಸ್ಸಿನ ಸಮಯ, ಮನೆಯವರ ಕೆಲಸದ ಸಮಯ, ಎಲ್ಲ ಅಡ್ಡ ಬಂತು. ಅವು ಸುಳ್ಳು ನೆಪಗಳೇನಲ್ಲ. ಆದರೂ ಒಂದು ಮಾತು ಹೇಳಬೇಕು. ಮೊದಲ ಪೀರಿಯಡ್‌ನಲ್ಲಿ ಡೆಸ್ಕಿಗೆ ತಲೆ ಒರಗಿಸುವ ಹುಡುಗಿಯನ್ನು ಎಬ್ಬಿಸಿ "ರಾತ್ರಿಯೆಲ್ಲ ಏನು ಮಾಡ್ತಿದ್ದೆ?" ಅಂತ ಎಲ್ಲರ ಮುಂದೆ ಕೇಳುವುದಕ್ಕೆ ಯಾವ ಬಸ್ಸೂ ಕಾರಣ ಅಲ್ಲ. ಆ ಪ್ರಶ್ನೆ ಬಿಟ್ಟುಬಿಡುವುದು ನಮ್ಮ ಕೈಯಲ್ಲೇ ಇದೆ.

ಎಲ್ಲರ ಮುಂದೆ ಅಂದೆನಲ್ಲ, ಅದೂ ಸಣ್ಣ ಮಾತಲ್ಲ. ಹದಿಹರೆಯದವರು ಸದಾ ತಮ್ಮನ್ನು ಯಾರೋ ನೋಡುತ್ತಿದ್ದಾರೆ ಅಂದುಕೊಂಡೇ ಓಡಾಡುತ್ತಾರೆ ಅಂತ ಡೇವಿಡ್ ಎಲ್‌ಕೈಂಡ್ ಅನ್ನುವ ಮನಶ್ಶಾಸ್ತ್ರಜ್ಞ 1967ರಲ್ಲೇ ಬರೆದಿದ್ದ. ಇದಕ್ಕೆ ಅವನು ಕಾಲ್ಪನಿಕ ಪ್ರೇಕ್ಷಕರು ಅಂತ ಹೆಸರಿಟ್ಟ. ಮೊಡವೆ, ಒಡೆಯುವ ಗಂಟಲು, ಗಿಡ್ಡವಾದ ಪ್ಯಾಂಟು, ಇವೆಲ್ಲ ಇಡೀ ಶಾಲೆಗೆ ಕಾಣುತ್ತಿದೆ ಅನ್ನೋ ಭಾವ. ಒಂದು ಸತ್ಯ ಸೇರಿಸಬೇಕು: ನಾವು ಬೋರ್ಡಿನ ಹತ್ತಿರ ನಿಲ್ಲಿಸಿ ಬೈಯುವಾಗ ಆ ಪ್ರೇಕ್ಷಕರು ಕಾಲ್ಪನಿಕ ಆಗಿರುವುದಿಲ್ಲ. ಅಲ್ಲೇ ಕೂತಿರುತ್ತಾರೆ.

ಇನ್ನು ಹೋಮ್‌ವರ್ಕ್. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಯ ಡೈರಿ ಒಮ್ಮೆ ನನ್ನ ಟೇಬಲ್ ಮೇಲೆ ಉಳಿದಿತ್ತು. ವಾಪಸ್ ಕೊಡುವಾಗ "ನೋಡಿ ಮಿಸ್" ಅಂತ ಅವಳೇ ಒಂದು ಪುಟ ತೆಗೆದು ತೋರಿಸಿದಳು. ಎಡಗಡೆ ಸಬ್ಜೆಕ್ಟು, ಬಲಗಡೆ ಕೆಲಸ, ಅದರ ಪಕ್ಕ ಪೆನ್ಸಿಲ್ಲಿನಲ್ಲಿ ನಿಮಿಷ. ಗಣಿತ, ಎಂಟು ಲೆಕ್ಕ, 40. ವಿಜ್ಞಾನ, ಚಿತ್ರ ಬರೆದು ಭಾಗ ಗುರುತಿಸಿ, 35. ಸಮಾಜ, ಪ್ರಶ್ನೋತ್ತರ, 30. ಮೂರು ಭಾಷೆಗೆ ತಲಾ ಒಂದೊಂದು ಕೆಲಸ, ಸೇರಿ 75. ಕೆಳಗೆ ಗೆರೆ ಎಳೆದು ಕೂಡಿದ್ದಳು: 180. ಅದರ ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ, ಗಟ್ಟಿಯಾಗಿ ಒತ್ತಿ ಬರೆದಿದ್ದು. ಮತ್ತೆ ಟೆಸ್ಟಿಗೆ ಓದುವುದು ಆ ಲೆಕ್ಕದಲ್ಲಿ ಸೇರಿರಲಿಲ್ಲ.

ಇಲ್ಲಿ ಯಾರೂ ಕೆಟ್ಟವರಲ್ಲ, ಅದೇ ಇದರ ತೊಂದರೆ. ಆರು ಜನ ಆರು ಕ್ಲಾಸಿನಲ್ಲಿ ನಿಂತು ಅರ್ಧ ಗಂಟೆಯ ಕೆಲಸ ಕೊಟ್ಟಿದ್ದಾರೆ. ಪ್ರತಿಯೊಬ್ಬರ ಪಾಲೂ ನ್ಯಾಯವೇ. ಕೂಡಿಸಿ ನೋಡುವ ಜಾಗದಲ್ಲಿ ಮಾತ್ರ ಯಾರೂ ಕೂತಿಲ್ಲ. ಆ ಜಾಗದಲ್ಲಿ ಮಗು ಒಂದೇ ಇದೆ. ಹೋಮ್‌ವರ್ಕ್ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಜೋಡಿಸಿ ನೋಡಿದ ಹ್ಯಾರಿಸ್ ಕೂಪರ್, 2006ರಲ್ಲಿ ಹೈಸ್ಕೂಲಿನವರಿಗೂ ದಿನಕ್ಕೆ ಸುಮಾರು ಎರಡು ಗಂಟೆ ದಾಟಿದ ಮೇಲೆ ಹೆಚ್ಚಿನ ಲಾಭ ಕಾಣುವುದಿಲ್ಲ ಅನ್ನುವ ಕಡೆಗೆ ಬಂದಿದ್ದರು. ಅಂದರೆ ಆ ಹುಡುಗಿಯ ಮೂರನೇ ಗಂಟೆ ಹೆಚ್ಚೂಕಮ್ಮಿ ದಂಡ.

"ಓದಿದ್ದು ತಲೇಲಿ ನಿಲ್ಲಲ್ಲ" ಅನ್ನುವ ಚೀಟಿಗಳೂ ಬರುತ್ತವೆ. ಇದು ಮಾತ್ರ ಸ್ವಲ್ಪ ಮಟ್ಟಿಗೆ ಬಗೆಹರಿಯುವ ಕಷ್ಟ. ಬಹುತೇಕ ಮಕ್ಕಳು ಓದುವುದು ಅಂದರೆ ಮತ್ತೆ ಮತ್ತೆ ಓದುವುದು ಅಂತಲೇ ತಿಳಿದಿದ್ದಾರೆ. ಹಳದಿ ಪೆನ್ನಲ್ಲಿ ಗೆರೆ, ಮೇಲಿಂದ ಪಿಂಕ್. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಅನ್ನುವ ಮನಶ್ಶಾಸ್ತ್ರಜ್ಞರು 2006ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನೇ ಎರಡು ಸಲ ಓದಿದರು. ಇನ್ನು ಕೆಲವರು ಒಂದು ಸಲ ಓದಿ, ಹಾಳೆ ಮುಚ್ಚಿಟ್ಟು, ನೆನಪಾದಷ್ಟು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದರೆ ಲೆಕ್ಕ ತಿರುಗಿತ್ತು. ಮುಚ್ಚಿಟ್ಟು ಬರೆದವರಿಗೆ ಶೇಕಡಾ 56ರಷ್ಟು ನೆನಪಿತ್ತು, ಬರೀ ಓದಿದವರಿಗೆ 42. ರಾತ್ರಿ ಓದಿ ಎಲ್ಲ ಬಂತು ಅನ್ನಿಸಿದ್ದು ಮುಂದಿನ ವಾರದ ಟೆಸ್ಟಲ್ಲಿ ಯಾಕೆ ಕೈಕೊಡುತ್ತದೆ ಅನ್ನುವುದಕ್ಕೆ ಇದೇ ಕಾರಣ. ಇದನ್ನು ಹೇಳಿಕೊಟ್ಟ ಮೇಲೆ ಒಬ್ಬ ಹುಡುಗ "ಮಿಸ್, ಇದನ್ನ ಐದನೇ ಕ್ಲಾಸಲ್ಲೇ ಹೇಳ್ಬಾರ್ದಿತ್ತಾ?" ಅಂದ. ನ್ಯಾಯವಾದ ದೂರು.

ಮಾರ್ಕ್ಸ್ ವಿಷಯಕ್ಕೆ ಬರೋಣ. ಉತ್ತರ ಪತ್ರಿಕೆ ಹಂಚುವ ದಿನ ಕ್ಲಾಸಿನ ಒಂದು ಮೂಲೆಯಲ್ಲಿ ನಿಂತು ಸುಮ್ನೆ ನೋಡಬೇಕು. ಪೇಪರ್ ಕೈಗೆ ಬಂದ ತಕ್ಷಣ ಮೊದಲ ಪುಟದ ಬಲ ಮೂಲೆ ಮಡಚಿಕೊಳ್ಳುತ್ತದೆ. ಅಂಕ ಇರುವುದು ಅಲ್ಲೇ. ಬೆರಳಲ್ಲಿ ಸ್ವಲ್ಪವೇ ಬಿಡಿಸಿ ನೋಡುತ್ತಾರೆ, ಮತ್ತೆ ಮಡಚುತ್ತಾರೆ. ಆಮೇಲೆ ಪಕ್ಕದವನ ಮೂಲೆಯತ್ತ ಕಣ್ಣು. ಆಮೇಲೆ ಕೂಡುವ ಕೆಲಸ: ಎಲ್ಲಾದರೂ ಅರ್ಧ ಅಂಕ ತಪ್ಪಿದೆಯಾ ಅಂತ. ಅಂಚಿನಲ್ಲಿ ನಾನು ಕೂತು ಬರೆದ ಸಾಲು, ಮೂರನೇ ಹಂತದಲ್ಲಿ ಚಿಹ್ನೆ ಬದಲಾಗಿದೆ ನೋಡು ಅನ್ನುವಂಥದ್ದು, ಯಾರ ಕಣ್ಣಿಗೂ ಬೀಳುವುದಿಲ್ಲ.

ಇದರಲ್ಲಿ ಮಕ್ಕಳ ತಪ್ಪಿಲ್ಲ. ಇಸ್ರೇಲಿನ ರುತ್ ಬಟ್ಲರ್ 1988ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದರು, ಇನ್ನೂ ಚಿಕ್ಕ ತರಗತಿಯ ಮಕ್ಕಳ ಮೇಲೆ. ಕೆಲವರಿಗೆ ಬರೀ ಅಂಕ, ಕೆಲವರಿಗೆ ಬರೀ ಟಿಪ್ಪಣಿ, ಕೆಲವರಿಗೆ ಎರಡೂ. ಬರೀ ಟಿಪ್ಪಣಿ ಸಿಕ್ಕವರು ಮುಂದಿನ ಸಲ ಚೆನ್ನಾಗಿ ಮಾಡಿದರು, ಆಸಕ್ತಿಯೂ ಉಳಿಯಿತು. ಎರಡೂ ಸಿಕ್ಕವರು ಬರೀ ಅಂಕ ಸಿಕ್ಕವರ ಹಾಗೇ ಆದರು. ಅಂಕ ಟಿಪ್ಪಣಿಯನ್ನು ನುಂಗಿಬಿಡುತ್ತದೆ. ಹಾಗಾಗಿ ಸಣ್ಣ ಟೆಸ್ಟುಗಳಲ್ಲಿ ನಾನು ಈಗ ಮೊದಲು ಟಿಪ್ಪಣಿ ಮಾತ್ರ ಬರೆದು ಕೊಡುತ್ತೇನೆ. ಅಂಕ ಮಾರನೆಯ ದಿನ. ಮೊದಲ ಸಲ ದೊಡ್ಡ ಗಲಾಟೆಯೇ ಆಯಿತು. "ಮಿಸ್, ಇದು ಮೋಸ" ಅಂದರು. ಎರಡು ತಿಂಗಳಾದ ಮೇಲೆ ಒಂದು ಚೀಟಿಯ ಹಿಂಬದಿಯಲ್ಲಿ "ಒಂದು ರಾತ್ರಿ ನಿಶ್ಚಿಂತೆ" ಅಂತ ಇತ್ತು. ಖುಷಿಯ ಬದಿಯಲ್ಲಿ!

ಚೆನ್ನಾಗಿ ಓದುವ ಮಕ್ಕಳಿಗೆ ಒತ್ತಡ ಇಲ್ಲ ಅನ್ನುವ ಭ್ರಮೆಯೊಂದಿದೆ. ಬೇರೆ ಬೇರೆ ದೇಶಗಳ 15 ವರ್ಷದ ಮಕ್ಕಳ ಕಲಿಕೆಯನ್ನು ಅಳೆಯುವ ಪೀಸಾ ಅನ್ನುವ ಸಮೀಕ್ಷೆಯೊಂದಿದೆ. 2015ರ ಸಮೀಕ್ಷೆಯಲ್ಲಿ ಒಇಸಿಡಿ ಅನ್ನುವ, ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಒಕ್ಕೂಟದ ಮಕ್ಕಳಲ್ಲಿ ಸುಮಾರು ಶೇಕಡಾ 55ರಷ್ಟು ಜನ, ಚೆನ್ನಾಗಿ ತಯಾರಿ ಮಾಡಿಕೊಂಡಿದ್ದರೂ ಪರೀಕ್ಷೆ ಅಂದರೆ ತುಂಬಾ ಆತಂಕ ಆಗುತ್ತದೆ ಅಂದಿದ್ದರು. ತಯಾರಿ ಮಾಡಿಕೊಂಡಿದ್ದರೂ. "ಓದಿದ್ರೆ ಯಾಕೆ ಹೆದರ್ಕೋಬೇಕು?" ಅಂತ ಕೇಳುವವರು ಈ ಒಂದು ಸಾಲನ್ನು ಎರಡು ಸಲ ಓದಬೇಕು. ನನ್ನ ಕ್ಲಾಸಿನಲ್ಲಿ ಸದಾ ಮೊದಲ ಮೂರರಲ್ಲಿ ಇರುವ ಹುಡುಗಿಗೆ ಕೆಳಗಿಳಿಯುವುದೊಂದೇ ದಾರಿ ಉಳಿದಿರುವುದು. ಅವಳ ಕಷ್ಟವನ್ನು ಯಾರೂ ಕಷ್ಟ ಅಂತ ಎಣಿಸುವುದಿಲ್ಲ. ನಡುವೆ ಇರುವವರದು ಇನ್ನೊಂದು ಪಾಡು. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಕೆಲವರ ಹೆಸರನ್ನು ಹಾಜರಿಯ ಹೊತ್ತಿನಲ್ಲಿ ಬಿಟ್ಟರೆ ದಿನವಿಡೀ ಯಾರೂ ಕರೆಯುವುದಿಲ್ಲ.

ಈಗ ಚೀಟಿ ತಿರುಗಿಸೋಣ.

ಖುಷಿಯ ಬದಿಯಲ್ಲಿ ದೊಡ್ಡ ವಿಷಯ ಇರುತ್ತದೆ ಅಂದುಕೊಂಡಿದ್ದರೆ ನಿರಾಸೆ ಆಗುತ್ತದೆ. ಪ್ರವಾಸ, ವಾರ್ಷಿಕೋತ್ಸವ ಬರುತ್ತವೆ, ಇಲ್ಲ ಅಂತಲ್ಲ. ಆದರೆ ಸಾಧಾರಣ ವಾರಗಳಲ್ಲಿ ಬರುವುದು ಇಂಥವು. "ವಿಜ್ಞಾನದ ಸರ್ ನನ್ನ ಪ್ರಶ್ನೆಗೆ ಗೊತ್ತಿಲ್ಲ, ನಾಳೆ ನೋಡ್ಕೊಂಡು ಬಂದು ಹೇಳ್ತೀನಿ ಅಂದ್ರು. ನಿಜವಾಗ್ಲೂ ನೋಡ್ಕೊಂಡು ಬಂದ್ರು." "ಬಸ್ ಅಂಕಲ್ ನಾನು ಓಡಿ ಬರೋದು ನೋಡಿ ನಿಲ್ಲಿಸಿದ್ರು." "ಲೈಬ್ರರಿ ಮೇಡಂ ನಾನು ಕೇಳಿದ್ದ ಪುಸ್ತಕ ಬಂದಿದೆ ಅಂತ ಅವರೇ ಹುಡುಕಿಕೊಂಡು ಬಂದು ಹೇಳಿದ್ರು." "ಅಪ್ಪ ಮಾರ್ಕ್ಸ್ ಕೇಳಲಿಲ್ಲ." ಕೊನೆಯದು ಒಂದೇ ಒಂದು ಸಾಲು.

ಗೆಳೆಯರ ಬಗ್ಗೆ ಬರೆಯುವುದು ಇನ್ನೂ ಜಾಸ್ತಿ. ಜ್ವರ ಬಂದು ವಾರ ಪೂರ್ತಿ ರಜೆಯಲ್ಲಿದ್ದ ಹುಡುಗನಿಗೆ ಪಕ್ಕದ ಬೆಂಚಿನವನು ನೋಟ್ಸ್ ಬರೆದಿಟ್ಟಿದ್ದ. ಸುಮ್ನೆ ಫೋಟೋ ತೆಗೆದು ಕಳಿಸಬಹುದಿತ್ತು. ಅವನು ಬೇರೆ ಹಾಳೆಯಲ್ಲಿ ಕೂತು ಬರೆದಿದ್ದ. ತನಗೆ ಅರ್ಥವಾಗದ ಜಾಗದಲ್ಲಿ "ಇದು ನಂಗೂ ಗೊತ್ತಾಗಿಲ್ಲ, ಮಿಸ್ ಹತ್ರ ಕೇಳು" ಅಂತ ಬಾಣದ ಗುರುತು ಹಾಕಿದ್ದ. ಆ ಹಾಳೆ ಹಿಡಿದುಕೊಂಡು ಇಬ್ಬರೂ ನನ್ನ ಹತ್ತಿರ ಬಂದಿದ್ದರು. ಇಂಥ ಬಾಣ ನನ್ನ ಬೋರ್ಡಿನ ಮೇಲೆ ಎಂದೂ ಬಂದಿಲ್ಲ. ಯಾವ ಜಾಗದಲ್ಲಿ ಅರ್ಥವಾಗುವುದು ನಿಲ್ಲುತ್ತದೆ ಅನ್ನುವುದು ಕೇಳುವವರಿಗಷ್ಟೇ ಗೊತ್ತಿರುತ್ತದೆ.

ಮಕ್ಕಳಿಗೆ ಕೃತಜ್ಞತೆ ಇಲ್ಲ ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ಅವರು ಅದನ್ನು ನೇರವಾಗಿ ಹೇಳಲ್ಲ ಅನ್ನಿ, ಒಪ್ಪುತ್ತೇನೆ. ಹದಿನಾಲ್ಕರಲ್ಲಿ ಥ್ಯಾಂಕ್ಸ್ ಹೇಳುವುದಕ್ಕೆ ನಾಚಿಕೆ. ಬೋರ್ಡ್ ಒರೆಸಿಡುತ್ತಾರೆ, ಪುಸ್ತಕದ ಕಟ್ಟು ಕೈಯಿಂದ ತಗೊಂಡು ಸ್ಟಾಫ್‌ರೂಮಿನ ತನಕ ಬರುತ್ತಾರೆ, ದಾರಿಯಲ್ಲಿ ಏನೂ ಮಾತಾಡುವುದಿಲ್ಲ. ಅದನ್ನು ಗುರುತಿಸುವ ಕೆಲಸ ದೊಡ್ಡವರದು.

ಬೈದರೂ ಬೇಜಾರಾಗದ ಬೈಗುಳ ಇದೆ ಅನ್ನುವುದನ್ನೂ ಚೀಟಿಗಳೇ ತೋರಿಸಿದವು. ಡೇವಿಡ್ ಯೇಗರ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಜೊತೆಗಾರರು 2014ರಲ್ಲಿ ಪ್ರಕಟಿಸಿದ ಕೆಲಸವೊಂದು ಇದನ್ನೇ ಹೇಳುತ್ತದೆ. ಅಮೆರಿಕದ ಏಳನೇ ತರಗತಿಯ ಮಕ್ಕಳು ಪ್ರಬಂಧ ಬರೆದರು. ಶಿಕ್ಷಕರು ಎಂದಿನಂತೆ ತಪ್ಪುಗಳನ್ನು ಗುರುತು ಹಾಕಿದರು. ಅರ್ಧದಷ್ಟು ಮಕ್ಕಳ ಹಾಳೆಗೆ ಒಂದು ಸಣ್ಣ ಟಿಪ್ಪಣಿ ಅಂಟಿಸಿದ್ದರು: ನಿನ್ನ ಮೇಲೆ ತುಂಬಾ ನಿರೀಕ್ಷೆ ಇದೆ, ನೀನು ಅದನ್ನು ಮುಟ್ಟುತ್ತೀಯ ಅಂತ ಗೊತ್ತು, ಅದಕ್ಕೇ ಇಷ್ಟೆಲ್ಲ ಬರೆದಿದ್ದೇನೆ ಅನ್ನುವ ಅರ್ಥದ್ದು. ಆ ಮಕ್ಕಳಲ್ಲಿ ಪ್ರಬಂಧ ತಿದ್ದಿ ಬರೆದವರು ಜಾಸ್ತಿ. ಶಾಲೆಯ ಮೇಲೆ ನಂಬಿಕೆ ಕಮ್ಮಿಯಿದ್ದ ಕಪ್ಪು ಮಕ್ಕಳಲ್ಲಂತೂ ವ್ಯತ್ಯಾಸ ತುಂಬಾ ದೊಡ್ಡದು. ತಪ್ಪು ತೋರಿಸುವುದನ್ನು ಯಾರೂ ಕಮ್ಮಿ ಮಾಡಿರಲಿಲ್ಲ, ಗಮನಿಸಿ. ಯಾಕೆ ತೋರಿಸುತ್ತಿದ್ದೇನೆ ಅನ್ನುವುದನ್ನು ಹೇಳಿದ್ದರು, ಅಷ್ಟೇ.

ಮನೆಯವರ ಬಗ್ಗೆ ಎರಡು ಮಾತು. ಅವರಿಗೂ ಭಯ ಇದೆ, ಅದು ಮಗುವಿನ ಭವಿಷ್ಯದ ಭಯ. ಹಾಗಾಗಿ ಬಾಗಿಲಲ್ಲೇ "ಟೆಸ್ಟ್ ಹೇಗಾಯ್ತು?" ಬರುತ್ತದೆ. ಉತ್ತರ "ಹೂಂ". ಅದೇ ಪೀಸಾ ವರದಿಯಲ್ಲಿ, ಸುಮ್ನೆ ಕೂತು ಮಾತಾಡುವ ಅಪ್ಪ ಅಮ್ಮಂದಿರ ಮಕ್ಕಳು ತಮ್ಮ ಬದುಕಿನ ಬಗ್ಗೆ ಹೆಚ್ಚು ತೃಪ್ತಿ ಇದೆ ಅಂದಿದ್ದರು. ಸುಮ್ನೆ ಅಂದರೆ ಸುಮ್ನೆ. ಮಾತಿನ ಕೊನೆಗೆ ಓದಿನ ವಿಷಯ ತುರುಕಿದರೆ ಮಕ್ಕಳಿಗೆ ಮುಂಚೆಯೇ ವಾಸನೆ ಹತ್ತುತ್ತದೆ.

ಡೈರಿಯ ಆ 180ರ ಪುಟವನ್ನು, ಹುಡುಗಿಯ ಒಪ್ಪಿಗೆ ಕೇಳಿ, ಹೆಸರು ತೆಗೆದು, ಸ್ಟಾಫ್‌ರೂಮಿಗೆ ತಂದಿದ್ದೆ. ಒಂದಷ್ಟು ವಾದ ಆಯಿತು. "ನನ್ನ ಸಬ್ಜೆಕ್ಟಿಗೆ ಅಷ್ಟಾದರೂ ಬೇಕಲ್ಲ" ಅಂತ ಎಲ್ಲರೂ ಅಂದರು. ಕೊನೆಗೆ ಗೋಡೆಗೆ ತಿಂಗಳ ದೊಡ್ಡ ಹಾಳೆಯೊಂದು ಬಂತು. ಟೆಸ್ಟ್ ಇಡುವವರು ಅದರಲ್ಲಿ ಬರೆಯಬೇಕು. ಒಂದು ಕ್ಲಾಸಿಗೆ ದಿನಕ್ಕೆ ಒಂದೇ ಟೆಸ್ಟ್. ಮೊದಲು ಬರೆದವರಿಗೆ ಆ ದಿನ. ಒಂದನೇ ತಾರೀಕು ಬೆಳಿಗ್ಗೆ ಎಲ್ಲರೂ ಬೇಗ ಬರಲು ಶುರು ಮಾಡಿದ್ದು ಬೇರೆ ಕಥೆ. ಹಾಳೆಯ ಇನ್ನೊಂದು ಪ್ರತಿ ಕ್ಲಾಸಿನ ಬೋರ್ಡಿನ ಪಕ್ಕದಲ್ಲಿದೆ. ಹೋಮ್‌ವರ್ಕ್ ನಿಮಿಷಗಳೂ ಅಲ್ಲಿ ಬರಲಿ ಅಂತ ಮಾಡಿದ ಪ್ರಯತ್ನ ಮಾತ್ರ ಕೈಗೂಡಲಿಲ್ಲ. ಒಬ್ಬರಿಗೆ ಹತ್ತು ನಿಮಿಷದ ಲೆಕ್ಕ ಇನ್ನೊಬ್ಬರಿಗೆ ನಲವತ್ತು ನಿಮಿಷ.

ಹಾಳೆ ಬಂದ ಮೇಲೆ ಟೆಸ್ಟುಗಳ ಸಂಖ್ಯೆ ಇಳಿದಿಲ್ಲ. ಚೀಟಿಗಳಲ್ಲಿ ಟೆಸ್ಟಿನ ಗೊಣಗಾಟ ಮಾತ್ರ ಇಳಿದಿದೆ. ಮೊನ್ನೆ ಹತ್ತನೇ ಕ್ಲಾಸಿನ ಇಬ್ಬರು ಸ್ಟಾಫ್‌ರೂಮ್ ಬಾಗಿಲಿಗೆ ಬಂದರು. ಪ್ರಾಜೆಕ್ಟ್ ಕೊಡುವ ಕೊನೆಯ ದಿನಗಳೂ ಹಾಳೆಯಲ್ಲಿ ಬರಬೇಕಂತೆ, ಇಲ್ಲದಿದ್ದರೆ ಟೆಸ್ಟಿನ ಹಿಂದಿನ ರಾತ್ರಿಯೇ ಮೂರು ಪ್ರಾಜೆಕ್ಟ್ ಬಂದು ಕೂರುತ್ತವಂತೆ. ಸ್ವಲ್ಪ ಗೊಣಗಾಡಿ ಎಲ್ಲರೂ ಒಪ್ಪಿದರು. ಟೆಸ್ಟಿಗೆ ನೀಲಿ ಪೆನ್ನು, ಪ್ರಾಜೆಕ್ಟಿಗೆ ಹಸಿರು. ಅಷ್ಟಕ್ಕೆ ನಿಲ್ಲಲಿಲ್ಲ. ಆಟದ ಪೀರಿಯಡ್ಡನ್ನು ಕೆಂಪಲ್ಲಿ ಬರೆಯಬೇಕು, ಕೆಂಪು ಇರುವ ಕಡೆ ಯಾರೂ ಕೈ ಹಾಕಬಾರದು ಅನ್ನುವುದು ಅವರ ಹೊಸ ಬೇಡಿಕೆ. ಹೆಡ್ ಮೇಡಂ ನಕ್ಕರು, ಪಿಟಿ ಸರ್ ಕೆಂಪು ಪೆನ್ನು ಮುಂದೆ ಚಾಚಿದರು. ಸಮಾಜದ ಸರ್ ಇನ್ನೂ ಒಪ್ಪಿಲ್ಲ, ಅವರ ಎರಡು ಪಾಠ ಬಾಕಿ ಇದೆ.